ಸಿಟಿ ಸ್ಕ್ಯಾನ್ ನಾರ್ಮಲ್ ಅಂದಮೇಲೆ ಎಂಆರ್‌ಐ ಯಾಕೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ

ಕತ್ತರಿಗುಪ್ಪೆ ಕಿಟ್ಟಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ 68 ವರ್ಷ. ಬಿಪಿ ಇದೆ, ಮಾತ್ರೆ ತಗೊಳ್ಳುವುದು ಮಾತ್ರ ಅವರ ಮನಸ್ಸು ಬಂದಾಗ. ಹೋದ ವಾರ ಬೆಳಿಗ್ಗೆ ಪೇಪರ್ ಓದುತ್ತಾ ಕೂತಿದ್ದರು. ಇದ್ದಕ್ಕಿದ್ದ ಹಾಗೆ ಬಲಗೈ ಏಳಲಿಲ್ಲ, ಮಾತು ತೊದಲಿತು, ಬಾಯಿ ಒಂದು ಕಡೆ ವಾಲಿತು. ಕಾರಲ್ಲಿ ಹಾಕಿಕೊಂಡು ಹತ್ತಿರದ ಖಾಸಗಿ ಆಸ್ಪತ್ರೆಗೆ ಓಡಿದೆವು.

ಮೊದಲು ಸಿಟಿ ಸ್ಕ್ಯಾನ್ ಮಾಡಿ "ನಾರ್ಮಲ್ ಇದೆ" ಅಂದರು. ಹೋದ ಜೀವ ಬಂದ ಹಾಗಾಯಿತು. ಅದೇ ಬಾಯಲ್ಲಿ "ಸ್ಟ್ರೋಕ್ ಆಗಿದೆ, ಇಂಜೆಕ್ಷನ್ ಕೊಡಬೇಕು, ಇಲ್ಲಿ ಸಹಿ ಹಾಕಿ" ಅಂದರು! ಮಾರನೇ ದಿನ ಎಂಆರ್‌ಐ ಬೇರೆ. ಯಾಕೆ ಏನು ಅಂತ ಕೂರಿಸಿಕೊಂಡು ಹೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಈಗ ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡ ರಾಮಾಯಣ. "ನಾರ್ಮಲ್ ಇದ್ದರೆ ಅಷ್ಟು ದುಬಾರಿ ಇಂಜೆಕ್ಷನ್ ಯಾಕೆ? ಎರಡೆರಡು ಸ್ಕ್ಯಾನ್ ಯಾಕೆ? ದುಡ್ಡು ಕೀಳೋ ದಂಧೆ" ಅಂತ ಚಿಕ್ಕಮಾವ ಕೂಗಾಡುತ್ತಿದ್ದಾರೆ. ಮಾವ ಈಗ ಮನೆಗೆ ಬಂದಿದ್ದಾರೆ. ಕೈ ಅರ್ಧಕ್ಕೆ ಏಳುತ್ತದೆ, ಮಾತು ಇನ್ನೂ ತಡವರಿಸುತ್ತದೆ. ನನಗೆ ಜಗಳ ಬೇಡ, ವಿಷಯ ತಿಳಿದರೆ ಸಾಕು.

ಗ್ಯಾಂಟ್ರಿ ಗಿರಿ

ಕಿಟ್ಟಿ ಸಾರ್, ನಾನು ಸ್ಕ್ಯಾನಿಂಗ್ ವಿಭಾಗದಲ್ಲಿ ಟೆಕ್ನಿಶಿಯನ್. ಡಾಕ್ಟರ್ ಅಲ್ಲ. ಆದರೆ ಈ ಪ್ರಶ್ನೆ ನಮ್ಮ ಕೌಂಟರ್ ಮುಂದೆ ದಿನಾ ಕೇಳುತ್ತದೆ.

ಸ್ಟ್ರೋಕ್ ಎರಡು ಥರ. ರಕ್ತನಾಳ ಕಟ್ಟಿಕೊಂಡು ಮೆದುಳಿನ ಒಂದು ಭಾಗಕ್ಕೆ ರಕ್ತ ಹೋಗದೇ ಇರುವುದು ಒಂದು. ರಕ್ತನಾಳ ಒಡೆದು ಒಳಗೇ ರಕ್ತ ಸೋರುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎಷ್ಟೇ ಅನುಭವ ಇರುವ ಡಾಕ್ಟರೂ ಇದು ಇದೇ ಅಂತ ಖಚಿತವಾಗಿ ಹೇಳಲಾರರು. ಎರಡರಲ್ಲೂ ಕೈ ಬೀಳುತ್ತದೆ, ಬಾಯಿ ವಾಲುತ್ತದೆ. ಔಷಧಿ ಮಾತ್ರ ತದ್ವಿರುದ್ಧ. ಮೊದಲನೆಯದಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಅದನ್ನೇ ಎರಡನೆಯದಕ್ಕೆ ಕೊಟ್ಟರೆ ಪ್ರಾಣಕ್ಕೇ ಸಂಚಕಾರ.

ಅವಸರದಲ್ಲಿ ಮಾಡುವ ಮೊದಲ ಸಿಟಿ ಈ ಒಂದು ಪ್ರಶ್ನೆಗೆ ಮಾತ್ರ. ಒಳಗೆ ರಕ್ತ ಸೋರಿದೆಯಾ ಇಲ್ಲವಾ? ಹೊಸ ರಕ್ತ ಸಿಟಿಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಕಟ್ಟಿಕೊಂಡ ಸ್ಟ್ರೋಕ್ ಆದರೆ ಮೊದಲ ಕೆಲವು ಗಂಟೆ ಏನೂ ಕಾಣದೇ ಇರಬಹುದು. ನಿಮ್ಮ ಮಾವನವರ ಕೈ ಬಿದ್ದಿದೆ, ಸಿಟಿಯಲ್ಲಿ ರಕ್ತ ಇಲ್ಲ. ಹಾಗಿದ್ದರೆ ನಾಳ ಕಟ್ಟಿಕೊಂಡಿರುವುದೇ ಜಾಸ್ತಿ ಸಾಧ್ಯತೆ. ಸಿಟಿ ನಾರ್ಮಲ್ ಬಂದಿದ್ದಕ್ಕೇ ಇಂಜೆಕ್ಷನ್ ಕೊಡಲು ಆಗಿದ್ದು. ಚಿಕ್ಕಮಾವನಿಗೆ ಇಷ್ಟು ಹೇಳಿದರೆ ಸಾಕು.

ಎಂಆರ್‌ಐ ಕೇಳುವುದು ಬೇರೆ ಪ್ರಶ್ನೆ. ರಕ್ತ ಸಿಗದ ಜೀವಕೋಶ ಊದಿಕೊಳ್ಳುತ್ತದೆ. ಅಲ್ಲಿನ ನೀರಿನ ಅಣುಗಳಿಗೆ ಸರಾಗವಾಗಿ ಓಡಾಡಲು ಆಗುವುದಿಲ್ಲ. ಆ ಅಡಚಣೆಯನ್ನೇ ಅಳೆಯುವ ಒಂದು ಬಗೆಯ ಎಂಆರ್‌ಐ ಇದೆ, ಡಿಫ್ಯೂಷನ್ ಅಂತ. 1980ರ ದಶಕದ ನಡುವೆ ಫ್ರಾನ್ಸಿನ ಡೆನಿ ಲೆ ಬಿಹಾನ್ ಇದನ್ನು ಮೆದುಳಿಗೆ ತಂದರು. 1990ರಲ್ಲಿ ಮೈಕೆಲ್ ಮೋಸ್ಲಿ ತಂಡ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಬೇರೆ ಚಿತ್ರಗಳಲ್ಲಿ ಏನೂ ಕಾಣದ ಹೊತ್ತಲ್ಲೇ ಇದರಲ್ಲಿ ಸ್ಟ್ರೋಕ್ ಕಾಣುತ್ತದೆ ಅಂತ ತೋರಿಸಿತು. ಎಲ್ಲಿ ಏಟು ಬಿದ್ದಿದೆ, ಎಷ್ಟು ಅಗಲ, ಒಂದೇ ಕಡೆಯೋ ನಾಲ್ಕಾರು ಕಡೆಯೋ ಅಂತ ಇದರಲ್ಲಿ ಗೊತ್ತಾಗುತ್ತದೆ. ಚಿಕ್ಕಚಿಕ್ಕ ಏಟು ಮೆದುಳಿನ ಎರಡೂ ಕಡೆ ಚದುರಿದ್ದರೆ ಹೆಪ್ಪು ಹೃದಯದಿಂದ ಬಂದಿರಬಹುದಾ ಅಂತ ಡಾಕ್ಟರ್ ಹುಡುಕುತ್ತಾರೆ. ಮುಂದಿನ ಸ್ಟ್ರೋಕ್ ತಡೆಯಲು ಅದು ಗೊತ್ತಾಗಬೇಕು.

ರೇಟಿನ ವಿಷಯಕ್ಕೆ ನಾನು ಬರುವುದಿಲ್ಲ. ಅದರ ಬಗ್ಗೆ ಚಿಕ್ಕಮಾವ ಕೂಗಾಡಲಿ, ನಾನೂ ಜೊತೆಗೆ ಕೂಗುತ್ತೇನೆ.

ಬಸವನಗುಡಿ ತಾತ

ಗಿರಿ ಅವರೇ, ಚೆನ್ನಾಗಿ ಹೇಳಿದಿರಿ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಲಕ್ವ ಹೊಡೆಯಿತು ಅಂದರೆ ನಾಟಿ ವೈದ್ಯರ ಎಣ್ಣೆ, ಪಾರಿವಾಳದ ರಕ್ತ. ಒಂದು ವಿಷಯ ಓದಿದೆ. ಬೆರಳ ತುದಿಗಳಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಸ್ಟ್ರೋಕ್ ಅಲ್ಲಿಗೇ ನಿಲ್ಲುತ್ತದಂತೆ. ನಿಜವೇ?

ನೈಟ್ ಡ್ಯೂಟಿ

ಇಲ್ಲ ತಾತ. ದಯವಿಟ್ಟು ಆ ಮೆಸೇಜ್ ಯಾರಿಗೂ ಕಳಿಸಬೇಡಿ. ಹತ್ತು ಬೆರಳು ಚುಚ್ಚುವ ಹೊತ್ತಲ್ಲಿ ಆಂಬುಲೆನ್ಸ್ ಮನೆ ಬಾಗಿಲಿಗೆ ಬಂದಿರುತ್ತದೆ.

ನಾನು ನ್ಯೂರಾಲಜಿಯಲ್ಲಿ ಪಿಜಿ. ಗಿರಿ ಹೇಳಿದ್ದಕ್ಕೆ ಸಮಯದ ಲೆಕ್ಕ ಸೇರಿಸುತ್ತೇನೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೆಲಸ ಮಾಡುತ್ತದೆ ಅಂತ 1995ರಲ್ಲಿ ಅಮೆರಿಕದ ಪ್ರಯೋಗದಲ್ಲಿ ಗೊತ್ತಾಯಿತು. ಆಗ ಗಡುವು 3 ಗಂಟೆ. 2008ರಲ್ಲಿ ಯುರೋಪಿನ ಪ್ರಯೋಗದ ನಂತರ ನಾಲ್ಕೂವರೆ ಗಂಟೆ ಆಯಿತು. ದೊಡ್ಡ ನಾಳ ಕಟ್ಟಿದ್ದರೆ ತೊಡೆಯ ಸಂದಿನಿಂದಲೋ ಮಣಿಕಟ್ಟಿನಿಂದಲೋ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುತ್ತಾರೆ. ಇದು 2015ರಿಂದ ಗಟ್ಟಿಯಾಗಿ ನೆಲೆ ನಿಂತ ಚಿಕಿತ್ಸೆ.

ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ 2006ರ ಒಂದು ಅಂದಾಜು ಇದೆ. ನಮಗೆ ಕ್ಯಾಶುವಾಲ್ಟಿಯಲ್ಲಿ ಬೇಕಾದ ಮೊದಲ ಮಾಹಿತಿ "ಕೊನೇ ಸಲ ಸರಿಯಾಗಿದ್ದದ್ದು ಯಾವಾಗ?" ಅನ್ನುವುದು. ಜನ ಇದಕ್ಕೆ "ಈಗಷ್ಟೇ" ಅನ್ನುತ್ತಾರೆ. ಕೆದಕಿದರೆ ರಾತ್ರಿ ಊಟಕ್ಕೇ ಚಮಚ ಹಿಡಿಯಲು ಆಗಿರಲಿಲ್ಲ ಅಂತ ಹೊರಬರುತ್ತದೆ.

ಇನ್ನೊಂದು. ಮನೆಯಲ್ಲಿದ್ದ ಆಸ್ಪಿರಿನ್ ಕೊಟ್ಟು ಕರೆದುಕೊಂಡು ಬರುತ್ತಾರೆ. ಬೇಡ. ರಕ್ತ ಸೋರುವ ಸ್ಟ್ರೋಕ್ ಆಗಿದ್ದರೆ ಅದರಿಂದ ಕೆಡುಕು. ಅದು ಯಾವುದು ಅಂತ ಸಿಟಿ ಹೇಳುವವರೆಗೆ ಕಾಯಬೇಕು. ನುಂಗಲು ಆಗದ ಬಾಯಿಗೆ ನೀರೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಡಬಲ್ ರೋಡ್ ದೀಪ

ಮಲಗಿದ್ದಾಗ ಆದರೆ? ನಮ್ಮ ಅತ್ತೆ ರಾತ್ರಿ ಚೆನ್ನಾಗಿ ಮಲಗಿದರು, ಬೆಳಿಗ್ಗೆ ಏಳುವಾಗಲೇ ಎಡಗಡೆ ಬಿದ್ದಿತ್ತು. "ಟೈಮ್ ಗೊತ್ತಿಲ್ಲ, ಇಂಜೆಕ್ಷನ್ ಕೊಡೋಕಾಗಲ್ಲ" ಅಂದರು. ಇದು ಆಗಿ ಬಹಳ ವರ್ಷ ಆಯಿತು.

ನೈಟ್ ಡ್ಯೂಟಿ

ಆಗ ಅಷ್ಟೇ ಸಾಧ್ಯವಿತ್ತು ದೀಪ ಮೇಡಂ. ಈಗ ಸ್ಕ್ಯಾನನ್ನೇ ಗಡಿಯಾರದ ಹಾಗೆ ಬಳಸುತ್ತೇವೆ. ಡಿಫ್ಯೂಷನ್ ಚಿತ್ರದಲ್ಲಿ ಏಟು ಬೇಗ ಕಾಣುತ್ತದೆ. ಫ್ಲೇರ್ ಅನ್ನುವ ಇನ್ನೊಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಕಾಣಲು ಕೆಲವು ಗಂಟೆ ಹಿಡಿಯುತ್ತದೆ. ಮೊದಲನೆಯದರಲ್ಲಿ ಇದೆ, ಎರಡನೆಯದರಲ್ಲಿ ಇನ್ನೂ ಇಲ್ಲ ಅಂದರೆ ಸ್ಟ್ರೋಕ್ ಆಗಿ ಬಹಳ ಹೊತ್ತು ಆಗಿರಲಿಕ್ಕಿಲ್ಲ. ಇಂಥವರಿಗೆ ಇಂಜೆಕ್ಷನ್ ಕೊಟ್ಟರೆ ಪ್ರಯೋಜನ ಇದೆ ಅಂತ 2018ರಲ್ಲಿ ಯುರೋಪಿನ ಪ್ರಯೋಗ ತೋರಿಸಿತು. ಅದೇ ಸುಮಾರಿಗೆ ಇನ್ನೆರಡು ಪ್ರಯೋಗಗಳು ಬಂದವು. ಮೆದುಳಿನಲ್ಲಿ ಸತ್ತ ಭಾಗ ಎಷ್ಟು, ರಕ್ತಕ್ಕೆ ಕಾಯುತ್ತಾ ಇನ್ನೂ ಜೀವ ಹಿಡಿದಿರುವ ಭಾಗ ಎಷ್ಟು ಅಂತ ಸ್ಕ್ಯಾನಿನಲ್ಲಿ ಅಳೆದು, ಉಳಿಸಿಕೊಳ್ಳುವಷ್ಟು ಇದ್ದರೆ ಹೆಪ್ಪು ತೆಗೆಯುವುದು. ಅದರಿಂದ ಆಯ್ದ ಕೆಲವರಿಗೆ 24 ಗಂಟೆವರೆಗೂ ಬಾಗಿಲು ತೆರೆಯಿತು. ಎಲ್ಲರಿಗೂ ಅಲ್ಲ. "ಹೇಗೂ 24 ಗಂಟೆ ಇದೆಯಲ್ಲ" ಅಂತ ಯಾರೂ ಕಾಫಿ ಕುಡಿದು ಹೊರಡಬೇಡಿ.

ರಿಂಗ್ ರೋಡ್ ರಾಜ

ಗುರುಗಳೇ, ನನ್ನದೂ ಇದೇ ನಾರ್ಮಲ್ ಕಥೆ, ಬೇರೆ ಥರ. ಮಳೆ ನಿಂತ ಮೇಲೆ ಗುಂಡಿಯಲ್ಲಿ ಗಾಡಿ ಇಳಿದು ಬಿದ್ದೆ. ತಲೆ ಡಿವೈಡರ್‌ಗೆ ತಗುಲಿತು. ಸ್ವಲ್ಪ ಹೊತ್ತು ಏನಾಯಿತು ಅಂತ ಇವತ್ತಿಗೂ ನೆನಪಿಲ್ಲ. ಸಿಟಿ ಕ್ಲೀನ್, ಮನೆಗೆ ಕಳಿಸಿದರು. ಆಮೇಲೆ ತಿಂಗಳುಗಟ್ಟಲೆ ತಲೆನೋವು. ಸ್ಕ್ರೀನ್ ನೋಡಿದರೆ ವಾಕರಿಕೆ. ಮೀಟಿಂಗಲ್ಲಿ ಯಾರು ಏನು ಹೇಳಿದರು ಅಂತ ತಲೆಯಲ್ಲಿ ನಿಲ್ಲುವುದಿಲ್ಲ. ಮ್ಯಾನೇಜರ್ ಕೇಳುತ್ತಾನೆ, "ರಿಪೋರ್ಟ್ ನಾರ್ಮಲ್ ಇದೆಯಲ್ಲ, ಇನ್ನೇನು?" ಸುಮ್ನೆ ನಾಟಕ ಅಂದುಕೊಂಡಿದ್ದಾನೆ. ಇದನ್ನು ತೋರಿಸುವ ಸ್ಕ್ಯಾನ್ ಇದೆಯಾ?

ನೈಟ್ ಡ್ಯೂಟಿ

ರಾಜ, ನಾಟಕ ಅಲ್ಲ. ಏಟು ಬಿದ್ದಾಗ ಮಾಡುವ ಸಿಟಿ ನೋಡುವುದು ತಲೆಬುರುಡೆ ಒಡೆದಿದೆಯಾ, ರಕ್ತ ಕಟ್ಟಿದೆಯಾ, ಈಗಲೇ ಆಪರೇಷನ್ ಬೇಕಾ ಅಂತ. ಅದಕ್ಕೆ ಸಿಟಿಯಷ್ಟು ಬೇಗ ಉತ್ತರ ಕೊಡುವುದು ಇನ್ನೊಂದಿಲ್ಲ. ಆದರೆ ತಲೆ ಜೋರಾಗಿ ಅಲುಗಿದಾಗ ನರಕೋಶಗಳ ಉದ್ದನೆಯ ಎಳೆಗಳು ಜಗ್ಗುತ್ತವೆ, ಕೆಲವು ಹರಿಯುತ್ತವೆ. ಅವು ಸಿಟಿಯ ಕಣ್ಣಿಗೆ ಬೀಳುವಷ್ಟು ದಪ್ಪ ಅಲ್ಲ. ಎಂಆರ್‌ಐನಲ್ಲಿ ಚಿಕ್ಕ ರಕ್ತದ ಚುಕ್ಕೆಗಳನ್ನು ತೋರಿಸುವ ಬಗೆ ಇದೆ, ಎಳೆಗಳ ದಿಕ್ಕು ಹಿಡಿದು ಅವುಗಳ ಸ್ಥಿತಿ ಅಂದಾಜು ಮಾಡುವ ಬಗೆಯೂ ಇದೆ. ಡಿಟಿಐ ಅಂತಾರೆ. ಸಂಶೋಧನೆಯಲ್ಲಿ ನೂರು ಜನ ಏಟು ತಿಂದವರನ್ನು ನೂರು ಜನ ತಿನ್ನದವರ ಜೊತೆ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ನಿಮ್ಮ ಒಬ್ಬರದೇ ಚಿತ್ರ ಹಿಡಿದು "ಇಗೋ ಇದರಿಂದಲೇ ತಲೆನೋವು" ಅಂತ ಸರ್ಟಿಫಿಕೇಟ್ ಬರೆಯಲು ಆಗುವುದಿಲ್ಲ. ಮ್ಯಾನೇಜರ್‌ಗೆ ಸ್ಕ್ಯಾನ್ ಬೇಡ, ನ್ಯೂರಾಲಜಿಸ್ಟ್ ಬರೆದುಕೊಟ್ಟ ಚೀಟಿ ತೋರಿಸಿ. ನೆನಪು, ಗಮನ ಎಷ್ಟಿದೆ ಅಂತ ಕೂರಿಸಿ ಪರೀಕ್ಷೆ ಮಾಡುವ ನ್ಯೂರೋಸೈಕಾಲಜಿಸ್ಟ್ ಇದ್ದಾರೆ. ಅದು ಈ ವಿಷಯದಲ್ಲಿ ಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ.

ಬೇರೆಯವರಿಗೂ ಹೇಳುತ್ತೇನೆ. ಸಿಟಿ ಕ್ಲೀನ್ ಇದ್ದರೂ ಪದೇಪದೇ ವಾಂತಿ, ಏರುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಇವು ಬಂದರೆ ತಕ್ಷಣ ವಾಪಸ್ ಬನ್ನಿ. ಮೊದಲ ಸಿಟಿ ಆ ಗಳಿಗೆಯದ್ದು ಮಾತ್ರ. ರಕ್ತ ಆಮೇಲೂ ಕಟ್ಟಬಹುದು. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಲ್ಲಿ, ಬಾತ್‌ರೂಮಲ್ಲಿ ಸಣ್ಣಗೆ ತಲೆ ತಗುಲಿ ವಾರಗಳ ನಂತರ ನಿಧಾನಕ್ಕೆ ರಕ್ತ ಕೂಡಿಕೊಂಡು ಬರುತ್ತದೆ. ಮನೆಯವರು "ಅರಳು ಮರಳು" ಅಂದುಕೊಂಡು ಸುಮ್ಮನಿರುತ್ತಾರೆ. ಸಿಟಿ ಮಾಡಿದರೆ ಮೆದುಳಿನ ಪಕ್ಕಕ್ಕೆ ಅರ್ಧಚಂದ್ರದ ಆಕಾರದಲ್ಲಿ ರಕ್ತ. ಎಷ್ಟೋ ಜನರಿಗೆ ಅದನ್ನು ತೆಗೆದರೆ ಮತ್ತೆ ಮೊದಲಿನಂತೆ ಮಾತಾಡುತ್ತಾರೆ.

ಗ್ಯಾಂಟ್ರಿ ಗಿರಿ

ರಾಜ, ಹೆಲ್ಮೆಟ್ ಯಾವುದು ಹಾಕಿದ್ದಿರಿ? ಟೋಪಿ ಥರದ್ದಾ?

ರಿಂಗ್ ರೋಡ್ ರಾಜ

ಅದೇ. ಪೊಲೀಸರಿಗೆ ತೋರಿಸೋ ಹೆಲ್ಮೆಟ್.

ಗ್ಯಾಂಟ್ರಿ ಗಿರಿ

2016ರಿಂದ ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಇವತ್ತಿಗೂ ಹಿಂದೆ ಕೂತವರು ಅದನ್ನು ತೋಳಿಗೆ ನೇತುಹಾಕಿಕೊಂಡು ಹೋಗುತ್ತಾರೆ. ಶನಿವಾರ ರಾತ್ರಿ ಒಂದು ಪಾಳಿ ನಮ್ಮ ಜೊತೆ ನಿಂತರೆ ಗಲ್ಲಕ್ಕೆ ಪಟ್ಟಿ ಹಾಕುವುದನ್ನು ಯಾರೂ ಮರೆಯುವುದಿಲ್ಲ. ಮತ್ತೆ ಯಾರಿಗೂ ಬೋಧನೆ ಮಾಡುವುದಿಲ್ಲ, ಬಿಟ್ಟೆ.

ಅವಳಿ ಅಮ್ಮ

ನಾನು ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನ್ನ ಅವಳಿ ಹೆಣ್ಣುಮಕ್ಕಳು ದಿನ ತುಂಬುವ ಮೊದಲೇ, 30 ವಾರಕ್ಕೆ ಹುಟ್ಟಿದರು. ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ, ತಲೆಯ ಸ್ಕ್ಯಾನ್ ಅಂದಾಗ ನನಗೆ ಎದೆ ಒಡೆದುಹೋಯಿತು. ಅಷ್ಟು ಚಿಕ್ಕ ಕೂಸನ್ನು ಆ ದೊಡ್ಡ ಮೆಷಿನ್ ಒಳಗೆ ಹಾಕುತ್ತಾರಾ ಅಂತ. ಹಾಗೇನೂ ಇಲ್ಲ. ಡಾಕ್ಟರಮ್ಮ ಒಂದು ಚಿಕ್ಕ ಗಾಡಿ ತಳ್ಳಿಕೊಂಡು ಇಂಕ್ಯುಬೇಟರ್ ಪಕ್ಕಕ್ಕೇ ಬಂದರು. ಜೆಲ್ಲಿಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡರು. ನೆತ್ತಿಯ ಮೆತ್ತನೆ ಜಾಗದ ಮೇಲೆ, ಹೆಬ್ಬೆರಳಷ್ಟು ದಪ್ಪದ ಪ್ರೋಬ್ ಇಟ್ಟು ಆ ಕಡೆ ಈ ಕಡೆ ವಾಲಿಸಿದರು. ಮೂಳೆ ಇನ್ನೂ ಕೂಡದ ಆ ಕಿಂಡಿಯಿಂದ ಒಳಗೆಲ್ಲ ಕಾಣುತ್ತದಂತೆ. ಹೊಟ್ಟೆಗೆ ಮಾಡುವ ಅಲ್ಟ್ರಾಸೌಂಡೇ ಅದು. ಮಗು ನಿದ್ದೆಯಿಂದ ಏಳಲೂ ಇಲ್ಲ. ಚಿಕ್ಕವಳಿಗೆ ಸ್ವಲ್ಪ ರಕ್ತ ಜಿನುಗಿತ್ತು, ಗ್ರೇಡ್ 1, ಎಲ್ಲಕ್ಕಿಂತ ಸಣ್ಣ ಮಟ್ಟದ್ದು ಅಂದರು. ಮತ್ತೆ ಮತ್ತೆ ನೋಡುತ್ತಾ ಹೋದರು, ಕರಗಿಹೋಯಿತು.

ಹೆರಿಗೆಯ ದಿನಾಂಕ ಬಂದಾಗ ಅವಳಿಗೆ ಒಂದು ಎಂಆರ್‌ಐ ಆಯಿತು. ನಿದ್ದೆ ಔಷಧಿಯನ್ನೂ ಕೊಡಲಿಲ್ಲ. ಹೊಟ್ಟೆ ತುಂಬ ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕಿವಿ ಮುಚ್ಚಿ, ನಿದ್ದೆ ಹತ್ತಿದ ಮೇಲೆ ಒಳಗೆ ಕಳಿಸಿದರು.

ಈಗ ಇಬ್ಬರೂ ಒಂದನೇ ಕ್ಲಾಸು. ಪ್ರಶ್ನೆ ಏನು ಅಂದರೆ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಬಂದು "ಬೆರಳಚ್ಚು ತೆಗೆದು ಮೆದುಳಿನ ಯಾವ ಭಾಗ ಚುರುಕು, ಮಗು ಇಂಜಿನಿಯರ್ ಆಗುತ್ತಾ ಡ್ಯಾನ್ಸರ್ ಆಗುತ್ತಾ ಹೇಳುತ್ತೇವೆ, ಬ್ರೈನ್ ಮ್ಯಾಪಿಂಗ್" ಅಂತ ಕ್ಯಾಂಪ್ ಮಾಡುತ್ತಿದ್ದಾರೆ. ಅಕ್ಕಪಕ್ಕದ ಮನೆಯವರೆಲ್ಲ ದುಡ್ಡು ಕಟ್ಟಿದ್ದಾರೆ. ಇನ್ನೊಂದು ಕಡೆ ನಮ್ಮ ಅಕ್ಕನ ಮಗನ ಸ್ಕೂಲಿನಿಂದ ಒಂದು ಸಂಶೋಧನೆಗೆ ಎಂಆರ್‌ಐ ಮಾಡಬಹುದಾ ಅಂತ ಒಪ್ಪಿಗೆ ಫಾರಂ ಬಂದಿದೆ. ಎರಡೂ ಒಂದೇನಾ?

ಮಲ್ಲೇಶ್ವರ ಪಿಎಚ್‌ಡಿ

ಎರಡಕ್ಕೂ ಅಜಗಜಾಂತರ ಇದೆ ಅಕ್ಕ. ಮೊದಲನೆಯದರಲ್ಲಿ ಮೆದುಳಿನ ಚಿತ್ರವೇ ಇಲ್ಲ. ಬೆರಳಿನ ಗೆರೆ ನೋಡಿ ಮೆದುಳು ಹೇಳುವುದು ಹಸ್ತಸಾಮುದ್ರಿಕಕ್ಕೆ ಲ್ಯಾಪ್‌ಟಾಪ್ ಜೋಡಿಸಿದ ಹಾಗೆ ಅಷ್ಟೇ. ದುಡ್ಡು ಕಟ್ಟಬೇಡಿ. ಆ ದುಡ್ಡಲ್ಲಿ ಮಕ್ಕಳನ್ನು ಕಬ್ಬನ್ ಪಾರ್ಕಿನ ಬಾಲಭವನಕ್ಕೆ ಕರೆದುಕೊಂಡು ಹೋಗಿ.

ಎರಡನೆಯದು ನನ್ನ ಕ್ಷೇತ್ರ, ಸ್ವಲ್ಪ ಉದ್ದ ಬರೆಯುತ್ತೇನೆ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ದೊಡ್ಡ ಕೆಲಸ ಬಂತು. ಒಂದು ಲಕ್ಷಕ್ಕೂ ಹೆಚ್ಚು ಜನರ 1,23,984 ಮೆದುಳಿನ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ, ಗರ್ಭದಲ್ಲಿರುವ ಮಗುವಿನಿಂದ ನೂರು ವರ್ಷದವರವರೆಗೆ ಮೆದುಳು ಹೇಗೆ ಬೆಳೆದು ಹೇಗೆ ಕುಗ್ಗುತ್ತದೆ ಅಂತ ಗೆರೆ ಎಳೆದರು. ಅದರ ಪ್ರಕಾರ ನರಕೋಶಗಳ ಒಡಲು ಇರುವ ಬೂದು ಭಾಗದ ಗಾತ್ರ ಆರು ವರ್ಷದ ಹತ್ತಿರ ತುದಿ ಮುಟ್ಟುತ್ತದೆ. ಎಳೆಗಳಿರುವ ಬಿಳಿ ಭಾಗ ಬೆಳೆಯುತ್ತಾ ಬೆಳೆಯುತ್ತಾ 28, 29 ವರ್ಷಕ್ಕೆ ಮುಟ್ಟುತ್ತದೆ. ಅಂದರೆ ನಿಮ್ಮ ಒಂದನೇ ಕ್ಲಾಸಿನ ಮಕ್ಕಳ ಬೂದು ಭಾಗ ಆಗಲೇ ಶಿಖರದಲ್ಲಿದೆ, ರಿಂಗ್ ರೋಡ್ ರಾಜನ ಬಿಳಿ ಭಾಗ ಬಹುಶಃ ಇನ್ನೂ ಬೆಳೆಯುತ್ತಿದೆ. ಬೂದು ಭಾಗ ಕಡಿಮೆಯಾದರೆ ದಡ್ಡರಾದೆವು ಅಂತಲ್ಲ. ಬೇಡದ ಸಂಪರ್ಕಗಳನ್ನು ಮೆದುಳು ತಾನೇ ಕತ್ತರಿಸಿಕೊಳ್ಳುತ್ತದೆ, ಅದು ಬೆಳವಣಿಗೆಯ ಭಾಗವೇ.

ತೊಂದರೆ ಎಲ್ಲಿ ಅಂದರೆ, ಆ ಲಕ್ಷ ಸ್ಕ್ಯಾನ್‌ಗಳಲ್ಲಿ ಬಹುಪಾಲು ಯುರೋಪ್, ಉತ್ತರ ಅಮೆರಿಕದವು. ನಮ್ಮ ಮಕ್ಕಳ ಊಟ, ರಕ್ತಹೀನತೆ, ನಮ್ಮ ಗಾಳಿ, ನಮ್ಮ ಮನೆಗಳು ಅದರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಅದಕ್ಕೇ ಇಲ್ಲಿ ನಡೆಯುವ ಅಧ್ಯಯನಗಳು ಮುಖ್ಯ. ನಿಮ್ಹಾನ್ಸ್ ಮುಂದಾಳತ್ವದಲ್ಲಿ ಭಾರತ ಮತ್ತು ಬ್ರಿಟನ್ ಸೇರಿ ಸಿ-ವೇದ ಅನ್ನುವ ಅಧ್ಯಯನ ಮಾಡಿದವು. ದೇಶದ ಏಳು ಕಡೆ, 6ರಿಂದ 23 ವರ್ಷದ ಸಾವಿರಾರು ಮಕ್ಕಳು, ಯುವಕರು. ಅವರಲ್ಲಿ ಒಂದಷ್ಟು ಜನಕ್ಕೆ ಎಂಆರ್‌ಐ ಕೂಡ. ನಮ್ಮ ಮೈಸೂರೂ ಅದರಲ್ಲಿತ್ತು.

ಆದರೆ ಇಂಥ ಅಧ್ಯಯನದಿಂದ ನಿಮ್ಮ ಅಕ್ಕನ ಮಗನ ಬಗ್ಗೆ ನಿಮಗೆ ಏನು ಗೊತ್ತಾಗುತ್ತದೆ? ಹೆಚ್ಚಿಗೆ ಏನೂ ಇಲ್ಲ. ಇದನ್ನು ಯಾವ ಸಂಶೋಧಕನೂ ಮುಚ್ಚಿಡಬಾರದು. ಮೆದುಳಿನ ಚಿತ್ರಕ್ಕೂ ಬುದ್ಧಿಗೋ ನಡವಳಿಕೆಗೋ ಇರುವ ನಂಟು ಎಷ್ಟು ಸಣ್ಣದು ಅಂದರೆ, ಅದನ್ನು ನಂಬಿಕೆಯಿಂದ ಹಿಡಿಯಲು ಸಾವಿರಾರು ಜನರ ಸ್ಕ್ಯಾನ್ ಬೇಕು ಅಂತ 2022ರಲ್ಲೇ ಇನ್ನೊಂದು ಅಧ್ಯಯನ ತೋರಿಸಿತು. ಅದಕ್ಕೂ ಮೊದಲು ಇಪ್ಪತ್ತು ಮೂವತ್ತು ಜನರನ್ನು ಇಟ್ಟುಕೊಂಡು ಎಷ್ಟು ಲೇಖನ ಬಂದಿವೆಯೋ! 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಅಂಗಡಿಯಿಂದ ತಂದ ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, ಇವರ ಭಾವನೆ ಏನು ಅಂತ ಕೇಳಿದರು. ಲೆಕ್ಕಾಚಾರದಲ್ಲಿ ಎಚ್ಚರ ತಪ್ಪಿದರೆ ಸತ್ತ ಮೀನಿನ ಮೆದುಳಿನಲ್ಲೂ "ಚಟುವಟಿಕೆ" ಕಾಣುತ್ತದೆ ಅಂತ ತೋರಿಸಿದರು. 2012ರಲ್ಲಿ ಅದಕ್ಕೆ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ನಮ್ಮ ಲ್ಯಾಬಿಗೆ ಹೊಸಬರು ಬಂದರೆ ಮೊದಲು ಆ ಮೀನಿನ ಕಥೆ ಹೇಳುತ್ತೇವೆ.

ಫಾರಂಗೆ ಸಹಿ ಹಾಕುವ ಮುಂಚೆ ಮೂರ್ನಾಲ್ಕು ವಿಷಯ ಕೇಳಿ. ನೈತಿಕ ಸಮಿತಿ ಒಪ್ಪಿದೆಯಾ? ಸ್ಕ್ಯಾನಿನಲ್ಲಿ ಏನಾದರೂ ತೊಂದರೆ ಕಂಡರೆ ಯಾರು ಹೇಳುತ್ತಾರೆ, ಮುಂದೆ ಯಾರು ನೋಡಿಕೊಳ್ಳುತ್ತಾರೆ? ಮಧ್ಯದಲ್ಲಿ ಬೇಡ ಅಂದರೆ ಬಿಡಬಹುದಾ? ಹುಡುಗನನ್ನೇ ಕೇಳಿದ್ದಾರಾ? ಎಂಆರ್‌ಐಗೆ ಎಕ್ಸ್‌ರೇ ಕಿರಣ ಬಳಸುವುದಿಲ್ಲ, ಸದ್ದು ಮಾತ್ರ ವಿಪರೀತ. ಒಳ್ಳೆ ತಂಡ ಆದರೆ ಮೊದಲು ಸುಳ್ಳು ಸ್ಕ್ಯಾನರ್‌ನಲ್ಲಿ ಮಲಗಿಸಿ, ಅಲುಗಾಡದೇ ಇರುವ ಆಟ ಆಡಿಸಿ ಅಭ್ಯಾಸ ಮಾಡಿಸುತ್ತಾರೆ. ಎಲ್ಲಕ್ಕೂ ಸರಿಯಾದ ಉತ್ತರ ಸಿಕ್ಕರೆ, ನಾನಾದರೆ ಒಪ್ಪುತ್ತೇನೆ.

ತೆರಿಗೆ ಕಟ್ಟುವವ

ಕಥೆ ಚೆನ್ನಾಗಿದೆ. ಒಂದು ಮಾತು ಹೇಳಲಾ? ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಲಕ್ವ ಹೊಡೆದವರಿಗೆ ಮಾಡಲು ಸಿಟಿ ಮೆಷಿನ್ನೇ ಇಲ್ಲ. ಮೆಷಿನ್ ಇದ್ದರೆ ಓಡಿಸುವವರಿಲ್ಲ. ಇಲ್ಲಿ ನೀವು ಆರೋಗ್ಯವಂತ ಮಕ್ಕಳ ಮೆದುಳಿನ ಫೋಟೋ ತೆಗೆದು ಗ್ರಾಫ್ ಹಾಕುತ್ತಿದ್ದೀರಿ. ಆ ದುಡ್ಡು ಅಲ್ಲಿಗೆ ಹೋಗಬಾರದಾ?

ನೈಟ್ ಡ್ಯೂಟಿ

ಅರ್ಧ ಒಪ್ಪುತ್ತೇನೆ. ಬೇರೆ ಊರಿಂದ ಬೆಂಗಳೂರಿಗೆ ಬರುವಷ್ಟರಲ್ಲಿ ನಾಲ್ಕೂವರೆ ಗಂಟೆ ದಾರಿಯಲ್ಲೇ ಮುಗಿದಿರುತ್ತದೆ. ಬೆಂಗಳೂರಿನ ಒಳಗೇ ಹೆಬ್ಬಾಳದಿಂದ ಹೊಸೂರು ರಸ್ತೆಗೆ ಬರುವುದಕ್ಕೂ ಸಂಜೆ ಹೊತ್ತಲ್ಲಿ ಅದೇ ಪಾಡು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಶುರು ಮಾಡಿರುವುದು ಒಳ್ಳೆಯದೇ, ಆದರೆ ಸಾಲದು.

ಮಲ್ಲೇಶ್ವರ ಪಿಎಚ್‌ಡಿ

ಇದು ನ್ಯಾಯವಾದ ಪ್ರಶ್ನೆ ಸಾರ್. ಆದರೆ ಎರಡೂ ದುಡ್ಡು ಒಂದೇ ಪೆಟ್ಟಿಗೆಯಿಂದ ಬರುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಐಐಎಸ್‌ಸಿ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಮೆದುಳಿನ ಎಂಆರ್‌ಐ ಎಲ್ಲ ಸೇರಿ. ಬಿಪಿ, ಸಕ್ಕರೆ ಕಾಯಿಲೆ ಇರುವವರ ಮೆದುಳಿನಲ್ಲಿ ಅವರಿಗೇ ಗೊತ್ತಾಗದ ಹಾಗೆ ಚಿಕ್ಕಚಿಕ್ಕ ಸ್ಟ್ರೋಕ್ ಆಗಿರುತ್ತವೆ, ಕೈಕಾಲು ಬೀಳುವುದಿಲ್ಲ, ನಡಿಗೆ ನೆನಪು ನಿಧಾನ ಆಗುತ್ತದೆ. ನಮ್ಮ ಹಳ್ಳಿಯವರಲ್ಲಿ ಇದು ಯಾವ ವಯಸ್ಸಿಗೆ ಶುರುವಾಗುತ್ತದೆ ಅಂತ ಗೊತ್ತಾದರೆ ಬಿಪಿ ಮಾತ್ರೆ ಯಾವಾಗ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ. ಇದನ್ನು ಲಂಡನ್ನಿನವರ ಸ್ಕ್ಯಾನ್ ನೋಡಿ ಹೇಳಲು ಆಗುವುದಿಲ್ಲ.

ತೆರಿಗೆ ಕಟ್ಟುವವ

ಶ್ರೀನಿವಾಸಪುರದ್ದು ಒಪ್ಪಿದೆ. ಸಿಟಿ ಮೆಷಿನ್ ಮಾತ್ರ ನಾನು ಬಿಡುವುದಿಲ್ಲ.

ಮಾತಿನ ಮೇಡಂ

ಕಿಟ್ಟಿ ಅವರೇ, ಮಾವನವರ ಮಾತಿನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಸ್ಪೀಚ್ ಥೆರಪಿಸ್ಟ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ್ದು. ಬಲಗೈ ಜೊತೆ ಮಾತು ಹೋಗಿದೆ ಅಂದರೆ ಏಟು ಎಡ ಮೆದುಳಿಗೆ. ಹೆಚ್ಚಿನವರಲ್ಲಿ ಭಾಷೆ ಆ ಕಡೆಯೇ ಇರುತ್ತದೆ.

ಇದು ಗೊತ್ತಾಗಲು ಶುರುವಾಗಿದ್ದು 1861ರಲ್ಲಿ, ಪ್ಯಾರಿಸ್ಸಿನ ಡಾಕ್ಟರ್ ಪಾಲ್ ಬ್ರೋಕಾ ಒಬ್ಬ ರೋಗಿಯ ಮೆದುಳು ನೋಡಿದಾಗ. ಆ ಮನುಷ್ಯನಿಗೆ "ಟಾನ್" ಅನ್ನುವುದೊಂದು ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ. ಸತ್ತ ಮೇಲೆ ತಲೆ ತೆರೆದರೆ ಎಡಗಡೆ ಮುಂಭಾಗ ಹಾಳಾಗಿತ್ತು. ಆ ಮೆದುಳನ್ನು ಅವರು ಕತ್ತರಿಸದೇ ಹಾಗೇ ಇಟ್ಟರು. ಸುಮಾರು ಒಂದೂವರೆ ಶತಮಾನದ ನಂತರ ಅದನ್ನೇ ಎಂಆರ್‌ಐಗೆ ಹಾಕಿದರು, 2007ರಲ್ಲಿ ವರದಿ ಬಂತು. ಹಾನಿ ಬ್ರೋಕಾ ನೋಡಿದ ಮೇಲ್ಭಾಗದಲ್ಲಷ್ಟೇ ಇರಲಿಲ್ಲ, ಒಳಗಿನ ಎಳೆಗಳವರೆಗೂ ಆಳವಾಗಿ ಹೋಗಿತ್ತು. ಮಾತು ಒಂದೇ ಜಾಗದಲ್ಲಿ ಕೂತಿಲ್ಲ. ಹಾಗಾಗಿ ವಾಪಸ್ ಬರುವ ದಾರಿಗಳೂ ಒಂದಕ್ಕಿಂತ ಜಾಸ್ತಿ.

ಮನೆಯಲ್ಲಿ ಇದನ್ನು ಮಾಡಿ ನೋಡಿ. "ಇದೇನು?" ಅಂತ ಲೋಟ ತೋರಿಸಿದರೆ ಹೆಸರು ಬರದೆ ಒದ್ದಾಡುವವರೇ ಎರಡರ ಮಗ್ಗಿ ಶುರು ಮಾಡಿಕೊಟ್ಟರೆ ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಅಂತ ಓಡಿಸಿಬಿಡುತ್ತಾರೆ. ವಾರದ ಹೆಸರು, ದಿನಾ ಹೇಳುವ ಶ್ಲೋಕ, ದೇವರನಾಮ ಬರುತ್ತವೆ. ಬಾಯಿಪಾಠ ಆಗಿದ್ದು, ರಾಗ ಇದ್ದದ್ದು ಹೊರಬರುವ ದಾರಿ ಬೇರೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನೇ ಹಿಡಿದು ರಾಗದ ಮೂಲಕ ಮಾತು ಕಲಿಸುವ ಥೆರಪಿ ಮಾಡಿದರು. ಮಾವನವರ ಮಾತು ಮುಗಿಯುವ ಮುಂಚೆ ನೀವೇ ಬಾಯಿಗೆ ಶಬ್ದ ತುರುಕಬೇಡಿ. ಟಿವಿ ಆಫ್ ಮಾಡಿ, ಕಾಯಿರಿ. ಮಗುವಿಗೆ ಮಾತಾಡಿಸಿದ ಹಾಗೆ ಮಾತಾಡಿಸಬೇಡಿ, ಅವರಿಗೆ ಎಲ್ಲ ಅರ್ಥ ಆಗುತ್ತಿರಬಹುದು.

ಹುಟ್ಟಿದ ಹೊತ್ತಲ್ಲೇ ಎಡಗಡೆ ಸ್ಟ್ರೋಕ್ ಆದ ಮಕ್ಕಳಲ್ಲಿ ಭಾಷೆ ಬಲಗಡೆಗೆ ಹೋಗಿ ನೆಲೆ ನಿಂತಿರುವುದನ್ನು, ಕೆಲಸ ಮಾಡುವಾಗ ಮೆದುಳಿನ ಯಾವ ಭಾಗ ಚುರುಕಾಗುತ್ತದೆ ಅಂತ ತೋರಿಸುವ ಫಂಕ್ಷನಲ್ ಎಂಆರ್‌ಐನಲ್ಲಿ ನೋಡಿದ್ದಾರೆ. ಅವಳಿ ಅಮ್ಮನಂಥವರು ಇದನ್ನು ಕೇಳಿರಬೇಕು. 68ರಲ್ಲಿ ಅಷ್ಟು ಸಲೀಸಾಗಿ ಆಗುವುದಿಲ್ಲ, ಆದರೆ ಆಗುವುದೇ ಇಲ್ಲ ಅಂತಲ್ಲ.

ಡಬಲ್ ರೋಡ್ ದೀಪ

ಎರಡು ಮೂರು ಭಾಷೆ ಬರುವವರು ಸ್ಟ್ರೋಕ್‌ನಿಂದ ಬೇಗ ಸುಧಾರಿಸುತ್ತಾರಂತೆ, ನಿಜನಾ? ನಮ್ಮ ಮನೆಯಲ್ಲಿ ಕನ್ನಡ, ತೆಲುಗು, ಪಕ್ಕದ ಮನೆ ಜೊತೆ ಉರ್ದು.

ಮಾತಿನ ಮೇಡಂ

ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಹೈದರಾಬಾದಿನಲ್ಲಿ ಮಾಡಿದ ಅಧ್ಯಯನ ಅದು, 2016ರಲ್ಲಿ ಬಂತು. ಸ್ಟ್ರೋಕ್ ಆದ 608 ಜನರಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರ ಪೈಕಿ ಶೇ. 40ರಷ್ಟು ಜನರ ನೆನಪು, ಗಮನ, ಯೋಚನೆ ಚೆನ್ನಾಗಿ ಉಳಿದಿತ್ತು. ಒಂದೇ ಭಾಷೆಯವರಲ್ಲಿ ಶೇ. 20ರಷ್ಟು. ಆದರೆ ಮಾತು ಹೋಗುವ ತೊಂದರೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಇಷ್ಟು ಅದರಲ್ಲಿರುವುದು, ಉಳಿದದ್ದು ವಾಟ್ಸಾಪ್ ಸೇರಿಸಿದ್ದು. ಪಕ್ಕದ ಮನೆ ಜೊತೆ ಉರ್ದು ಮಾತ್ರ ಬಿಡಬೇಡಿ.

ಕತ್ತರಿಗುಪ್ಪೆ ಕಿಟ್ಟಿ

ಎಲ್ಲರಿಗೂ ದೊಡ್ಡ ನಮಸ್ಕಾರ. ಗಿರಿ ಅವರ ಉತ್ತರವನ್ನು ಗ್ರೂಪಿಗೆ ಹಾಕಿದೆ. ಚಿಕ್ಕಮಾವ ಹೆಬ್ಬೆರಳು ಒತ್ತಿದರು, ಬಿಲ್ಲಿನ ಬಗ್ಗೆ ಮಾತ್ರ ಇನ್ನೂ ಬಿಸಿಯಾಗಿದ್ದಾರೆ. ಮಗ್ಗಿ ಪ್ರಯೋಗ ಮಾಡಿದೆವು. ಎರಡೊಂದ್ಲ ಅಂದಿದ್ದೇ ತಡ, ಇಪ್ಪತ್ತರವರೆಗೂ ಹೋಗಿ ಅವರೇ ಬೆರಗಾದರು.

ಇನ್ನೆರಡು ಪ್ರಶ್ನೆ. ಮಾವ "ಇನ್ನೊಂದು ಎಂಆರ್‌ಐ ಮಾಡಿಸಿ, ವಾಸಿಯಾಗಿದೆಯಾ ನೋಡೋಣ" ಅಂತಿದ್ದಾರೆ. ಅತ್ತೆ "ನನಗೂ ಒಂದು ಮಾಡಿಸಿಬಿಡಿ" ಅಂತಿದ್ದಾರೆ. ಅವರಿಗೆ ಯಾವ ತೊಂದರೆಯೂ ಇಲ್ಲ.

ನೈಟ್ ಡ್ಯೂಟಿ

ಎರಡೂ ಬೇಡ. ಮಾವನವರ ಕೈ ಪೂರ್ತಿ ಸರಿಹೋದರೂ ಸ್ಕ್ಯಾನಿನಲ್ಲಿ ಕಲೆ ಹಾಗೇ ಇರುತ್ತದೆ. ಅದನ್ನು ನೋಡಿ "ಇನ್ನೂ ಹೋಗಿಲ್ಲ" ಅಂತ ಕೊರಗುತ್ತಾರೆ. ಗುಂಡಿ ಹಾಕಲು ಬರುತ್ತದಾ, ಅನ್ನ ಕಲಸಲು ಬರುತ್ತದಾ ನೋಡಿ. ಡಾಕ್ಟರ್ ಈಗ ನೋಡಬೇಕಾದದ್ದು ಕುತ್ತಿಗೆಯ ರಕ್ತನಾಳ, ಹೃದಯದ ಬಡಿತ, ಬಿಪಿ, ಸಕ್ಕರೆ. ಅತ್ತೆಗೆ ಎಂಆರ್‌ಐ ಮಾಡಿಸಿದರೆ ವಯಸ್ಸಿಗೆ ಸಹಜವಾದ ನಾಲ್ಕು ಬಿಳಿ ಚುಕ್ಕೆ ಕಾಣುತ್ತವೆ, ಮನೆಮಂದಿಗೆಲ್ಲ ನಿದ್ದೆ ಹೋಗುತ್ತದೆ. ಬಿಪಿ ನೋಡಿಸಿ ಸಾಕು.

ಗ್ಯಾಂಟ್ರಿ ಗಿರಿ

ಅತ್ತೆಗೆ ಎಂಆರ್‌ಐ ಅಂದರೆ ಕಾಲುಂಗುರ ತೆಗೆಯಬೇಕಾಗುತ್ತದೆ ಅಂತ ಹೇಳಿ, ಅವರೇ ಬೇಡ ಅಂತಾರೆ. ನಮ್ಮಲ್ಲಿ ದಿನಾ ಅದೇ ಕೆಲಸ. ಮೂವತ್ತು ವರ್ಷದಿಂದ ಬೆರಳಲ್ಲಿ ಕೂತ ಉಂಗುರಕ್ಕೆ ಸೋಪು ಹಚ್ಚಿ ತಿರುಗಿಸುತ್ತಾ ಕೂರಬೇಕು. ಮೂಗುತಿ, ಸೆರಗಿನ ಪಿನ್ನು, ಮಕ್ಕಳ ಉಡದಾರದಲ್ಲಿರುವ ತಾಯಿತ, ಯಾವುದೂ ಒಳಗೆ ಹೋಗುವ ಹಾಗಿಲ್ಲ. ಪೇಸ್‌ಮೇಕರ್ ಇದ್ದರೆ ಮೊದಲೇ ಬಾಯಿಬಿಟ್ಟು ಹೇಳಬೇಕು.

ಕಿಟ್ಟಿ ಸಾರ್, ಒಂದು ಕೆಲಸ ಮಾಡಿ. ಆಸ್ಪತ್ರೆಯಿಂದ ಫಿಲ್ಮ್ ಅಷ್ಟೇ ಅಲ್ಲ, ಸಿಟಿ ಎಂಆರ್‌ಐ ಎರಡರದ್ದೂ ಪೂರ್ತಿ ಚಿತ್ರಗಳಿರುವ ಸಿಡಿ ಕೇಳಿ ತಗೊಳ್ಳಿ. ಬೇರೆ ಡಾಕ್ಟರ್ ಹತ್ತಿರ ಹೋದಾಗ ಹೊಸದಾಗಿ ಮಾಡಿಸುವುದು ತಪ್ಪುತ್ತದೆ.

ಕತ್ತರಿಗುಪ್ಪೆ ಕಿಟ್ಟಿ

ಕಾಲುಂಗುರ ಅಂದಿದ್ದಕ್ಕೇ ಅತ್ತೆ ಬೇಡ ಅಂದರು. ಸಿಡಿ ನಾಳೆ ತರುತ್ತೇನೆ. ಸೋಮವಾರ ಕುತ್ತಿಗೆಯ ರಕ್ತನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್‌ಗೆ ಬರೆದುಕೊಟ್ಟಿದ್ದಾರೆ, ಅದು ಯಾಕೆ ಅಂತ ಈಗ ಗೊತ್ತಾಯಿತು. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ.